ಮುಪ್ಪೆಂಬ ನೆಪ

ಬಳ್ಳಾರಿಯ ಸುಶಿಕ್ಷಿತ ಮನೆಗಳಲ್ಲಿ ಒಂದು ಮಾತು ಬಹಳ ಅಗ್ಗವಾಗಿ ಹೋಗಿದೆ. ಅರವತ್ತು ದಾಟಿದ ಹಿರಿಯರ ಕೈ ನಡುಗತೊಡಗಿದರೆ, ನಡೆ ನಿಧಾನವಾದರೆ, ಮಾತು ಕಂಠದಲ್ಲಿಯೇ ಅಡಗಿದರೆ, “ಇದು ಮುಪ್ಪಿನ ಧರ್ಮ, ವಯಸ್ಸಾದ ಮೇಲೆ ನಡುಗದೆ ಇರುತ್ತದೆಯೆ?” ಎಂದು ನುಡಿದು ಮನೆಯವರು ನಿಶ್ಚಿಂತರಾಗುತ್ತಾರೆ. ಓದುಬರಹವಿಲ್ಲದವರು ಹೀಗೆನ್ನುವುದಾದರೆ ಕ್ಷಮಿಸಬಹುದು. ಮಗನು ಇಂಜಿನಿಯರು, ಸೊಸೆ ಉಪಾಧ್ಯಾಯಿನಿ ಆಗಿರತಕ್ಕ ಮನೆಗಳಲ್ಲಿಯೂ ಇದೇ ಮಾತು ಕೇಳಿಬರುತ್ತಿರುವುದು ಸೋಜಿಗ. ಈ ಮಾತು ಸುಳ್ಳು. ಮಾತ್ರವಲ್ಲ, ಕ್ರೂರವೂ ಹೌದು.

ಮುಪ್ಪಿನ ಪಕ್ಷವನ್ನು ಹಿಡಿದವರು ಪೂರ್ವಿಕರ ಹೆಸರನ್ನು ಮುಂದೊಡ್ಡುವುದುಂಟು. ಪೂರ್ವಿಕರು ಹೇಳಿದ್ದೇನು? ಮಾಧವನಿದಾನಕಾರನು ಸರ್ವಾಂಗದ ನಡುಕಕ್ಕೂ ತಲೆಯ ನಡುಕಕ್ಕೂ ವೇಪಥುವೆಂದು ಬೇರೆಯೇ ಹೆಸರಿಟ್ಟು ಅದನ್ನು ವಾತವ್ಯಾಧಿಗಳಲ್ಲಿ ಎಣಿಸಿದ್ದಾನೆ. ನೆರೆಯ ಆಂಧ್ರದೇಶದ ವೈದ್ಯರು ಕೈಪಿಡಿಯಾಗಿ ಬಳಸುತ್ತಿದ್ದ ಬಸವರಾಜೀಯವು ಕಂಪವಾತದ ಲಕ್ಷಣಗಳನ್ನು ಹೇಳುವಾಗ ಕೈಕಾಲುಗಳ ನಡುಕದೊಡನೆ ನಿದ್ರಾಭಂಗವನ್ನೂ ಬುದ್ಧಿಯು ಕುಂದುವುದನ್ನೂ ಸೇರಿಸಿದೆ. ಜರೆ ಬೇರೆ, ವ್ಯಾಧಿ ಬೇರೆ ಎಂಬ ವಿವೇಕವು ಅವರಿಗಿತ್ತು. ಅದನ್ನು ಕಳೆದುಕೊಂಡವರು ಅವರ ಹೆಸರನ್ನೆತ್ತದಿರುವುದು ಲೇಸು.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಆರು ಮಂದಿ ರೋಗಿಗಳ ಸ್ಥಿತಿಯನ್ನು ವರ್ಣಿಸಿ ಒಂದು ಚಿಕ್ಕ ಪ್ರಬಂಧವನ್ನು ಬರೆದನು. ಅವರಲ್ಲಿ ಕೆಲವರನ್ನು ಆತನು ಬೀದಿಯಲ್ಲಿ ಕಂಡದ್ದಷ್ಟೆ. ಬೀದಿಯಲ್ಲಿ ಹೋಗುವವನ ನಡಿಗೆಯನ್ನು ನೋಡಿಯೇ ರೋಗವನ್ನು ಗುರುತಿಸಿದ ಆ ಕಣ್ಣು, ಒಂದೇ ಪಡಸಾಲೆಯಲ್ಲಿ ಕುಳಿತು ಉಣ್ಣುವ ಮಕ್ಕಳಿಗೆ ಇಲ್ಲದೆ ಹೋಗಿದೆ. ಮಿದುಳಿನ ನಡುಭಾಗದಲ್ಲಿ ಕಪ್ಪಾಗಿ ತೋರುವ ಒಂದು ಸಣ್ಣ ಪ್ರದೇಶವುಂಟು. ಅಲ್ಲಿಯ ಜೀವಕೋಶಗಳು ಡೋಪಮೀನ್ ಎಂಬ ದ್ರವ್ಯವನ್ನು ಉತ್ಪಾದಿಸಿ ಅಂಗಗಳ ಚಲನೆಯನ್ನು ನಿಯಮದಲ್ಲಿಡುತ್ತವೆ. ಅವು ನಶಿಸುವುದೇ ಈ ರೋಗ. ನಡುಕವು ಹೊರಗೆ ಕಾಣುವ ವೇಳೆಗೆ ಅವುಗಳಲ್ಲಿ ಬಹುಭಾಗ ಅಳಿದಿರುತ್ತದೆ. ವಯಸ್ಸಾದವರಿಗೆ ಇದು ಹೆಚ್ಚಾಗಿ ಬರುವುದು ನಿಜ. ಆದರೆ ಮುಷ್ಟಿಯುದ್ಧವೀರನೆನಿಸಿದ ಮುಹಮ್ಮದ್ ಅಲಿಗೆ 1984ರಲ್ಲಿ ಈ ರೋಗವೆಂದು ನಿರ್ಣಯವಾದಾಗ ಆತನಿಗೆ 42 ವರ್ಷ. ಮೈಕೇಲ್ ಫಾಕ್ಸ್ ಎಂಬ ನಟನಿಗೆ 29. ಇವರಿಗೆಲ್ಲ ಬಂದದ್ದು ಯಾವ ಮುಪ್ಪು?

ನಡುಗುವ ಕೈಯೆಲ್ಲ ಪಾರ್ಕಿನ್ಸನ್ ಅಲ್ಲ. ಲೋಟವನ್ನು ಎತ್ತುವಾಗ ಮಾತ್ರ ನಡುಗುವ ಬೇರೆ ವ್ಯಾಧಿಯೂ ಉಂಟು. ತೊಡೆಯ ಮೇಲೆ ಸುಮ್ಮನೆ ಇಟ್ಟ ಕೈ ನಡುಗುವುದು ಇದರ ಗುರುತು. ನಿರ್ಣಯಿಸತಕ್ಕವನು ನರರೋಗವೈದ್ಯನು, ನೆರೆಮನೆಯವನಲ್ಲ. ಅಲ್ಲದೆ ರೋಗವು ನಡುಕದಿಂದಲೇ ಮೊದಲಾಗಬೇಕೆಂದಿಲ್ಲ. ಮಲ್ಲಿಗೆಯ ವಾಸನೆ ತಿಳಿಯದಾಗುವುದು, ಮಲಬದ್ಧತೆ, ನಿದ್ದೆಯಲ್ಲಿ ಕೈಕಾಲು ಬೀಸಿ ಕೂಗಾಡುವುದು, ಇವು ವರ್ಷಗಳ ಮೊದಲೇ ಬರಬಹುದು. ಬರವಣಿಗೆ ಸಾಲಿನ ಕೊನೆಗೆ ಹೋಗುತ್ತ ಇರುವೆಯ ಸಾಲಿನಂತೆ ಕಿರಿದಾಗುತ್ತದೆ. ಸಹಿ ಹೊಂದಲಿಲ್ಲವೆಂದು ಚೆಕ್ಕು ಹಿಂದಿರುಗಿದಾಗ ಮನೆಯಲ್ಲಿ ನಗೆಯಾಗುತ್ತದೆ. ಕುರುಗೋಡು ಸಿಂದರ ಶಾಸನಗಳಲ್ಲಿ ಒಂದಕ್ಷರ ಸವೆದಿದ್ದರೆ ಮೂರು ಪುಟ ಚರ್ಚಿಸುವ ವಿದ್ವಾಂಸರು ಈ ಜಿಲ್ಲೆಯಲ್ಲಿ ಉಂಟು. ತಂದೆಯ ಅಕ್ಷರ ಸವೆಯುತ್ತಿರುವುದು ಅವರ ಕಣ್ಣಿಗೂ ಬೀಳಲಿಲ್ಲ.

ಮುಖದ ವಿಷಯ ಇನ್ನೂ ದುಃಖಕರ. ಮುಖದ ಸ್ನಾಯುಗಳು ಬಿಗಿದು ಭಾವವು ಹೊರಗೆ ತೋರದಾಗುತ್ತದೆ. ಒಳಗೆ ಸಂತೋಷವಿದ್ದರೂ ಮೋರೆ ಕಲ್ಲಿನಂತಿರುತ್ತದೆ. ಮುಖಾಭಿನಯಕ್ಕೆ ಬಳ್ಳಾರಿ ರಾಘವರನ್ನು ಇಂದಿಗೂ ಕೊಂಡಾಡುವ ಊರಿನಲ್ಲಿ ಇಂಥವರಿಗೆ ಸಿಡುಕನೆಂದೂ ಗರ್ವಿಯೆಂದೂ ಬಿರುದು ಸಿಕ್ಕುತ್ತದೆ.

ಇನ್ನು ಔಷಧದ ಮಾತು. “ನಸುಗುನ್ನಿಯ ಚೂರ್ಣವಿರುವಾಗ ಇಂಗ್ಲೀಷು ಮಾತ್ರೆ ಯಾಕೆ?” ಎಂಬ ವಾದವು ಸಿರುಗುಪ್ಪದ ಸಂತೆಯಿಂದ ಬಳ್ಳಾರಿಯ ಬಂಗಲೆಗಳವರೆಗೂ ಹಬ್ಬಿದೆ. ಇದರಲ್ಲಿ ಅರ್ಧ ಸತ್ಯವಿದೆ. ಅರ್ಧ ಸತ್ಯವಾದುದರಿಂದಲೇ ಅಪಾಯ ಹೆಚ್ಚು. ನಸುಗುನ್ನಿಯ ಬೀಜದಿಂದ ಲೆವೊಡೋಪ ಎಂಬ ದ್ರವ್ಯವನ್ನು 1937ರಲ್ಲಿ ಮದರಾಸಿನ ಪ್ರಯೋಗಶಾಲೆಯಲ್ಲಿ ದಾಮೋದರನ್, ರಾಮಸ್ವಾಮಿ ಎಂಬ ಇಬ್ಬರು ಬೇರ್ಪಡಿಸಿದರು. ಬಳ್ಳಾರಿಯು ಆಗ ಮದರಾಸು ಪ್ರಾಂತಕ್ಕೇ ಸೇರಿತ್ತು. ಅದೇ ದ್ರವ್ಯವನ್ನು 1961ರಲ್ಲಿ ವಿಯೆನ್ನಾ ನಗರದ ಇಬ್ಬರು ವೈದ್ಯರು ರೋಗಿಗಳಿಗೆ ಕೊಟ್ಟು, ಏಳಲಾರದವರು ಎದ್ದುದನ್ನು ಕಂಡರು. ಇಂದಿನ ಮಾತ್ರೆಯಲ್ಲಿರುವುದೂ ಅದೇ. ಹಾಗಾದರೆ ಭೇದವೇನು? ಪ್ರಮಾಣ. ಮಾತ್ರೆಯಲ್ಲಿ ಎಷ್ಟಿದೆಯೆಂಬುದು ಗೊತ್ತು. ಸಂತೆಯ ಚೂರ್ಣದಲ್ಲಿ ಗೊತ್ತಿಲ್ಲ. ಚೂರ್ಣವನ್ನು ನಂಬಿ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಮೈ ಮರಗಟ್ಟಿ, ಜ್ವರವೇರಿ, ಪ್ರಾಣಕ್ಕೇ ಸಂಚಕಾರವಾಗುವುದುಂಟು.

ಮಾತ್ರೆಯನ್ನು ಕೊಡಿಸುವ ಮನೆಗಳಲ್ಲಿಯಾದರೂ ಅದನ್ನು ಕೊಡುವ ಕ್ರಮ ಇದೆಯೆ? ಊಟವಾದ ಮೇಲೆ, ಬೇಳೆಸಾರು ಮೊಸರು ಹೊಟ್ಟೆಯಲ್ಲಿರುವಾಗ, ನೆನಪಾದರೆ ಕೊಡುತ್ತಾರೆ. ಬೇಳೆ, ಹಾಲು, ಮೊಸರುಗಳಲ್ಲಿರುವ ಸಾರವು ಈ ಔಷಧವನ್ನು ದಾರಿಯಲ್ಲಿ ತಡೆಯುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಊಟವಾಗಿ ಒಂದು ಗಂಟೆಯ ಮೇಲೆ, ಗಡಿಯಾರ ನೋಡಿ ಕೊಡತಕ್ಕದ್ದು. ಸಂಧ್ಯಾಕಾಲವನ್ನು ತಪ್ಪಿಸದ ಮನೆತನಗಳಿಗೆ ಇದು ಕಷ್ಟವಾಗಬಾರದು. ಹೊತ್ತು ತಪ್ಪಿಸಿ ಕೊಟ್ಟು, “ಔಷಧ ಹಿಡಿಯಲಿಲ್ಲ” ಎಂದು ಔಷಧವನ್ನು ದೂರುವುದು ಯಾವ ನ್ಯಾಯ?

ಅತಿ ಪ್ರೀತಿಯೂ ಇಲ್ಲಿ ಶತ್ರುವೇ. ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಬೇಕಾಗುತ್ತದೆಯೆಂದು ಮಗನು ಹಾಕಿಬಿಡುತ್ತಾನೆ. ತುತ್ತು ಚೆಲ್ಲುತ್ತದೆಯೆಂದು ಸೊಸೆ ತಿನ್ನಿಸಿಬಿಡುತ್ತಾಳೆ. ಆರು ತಿಂಗಳಲ್ಲಿ ಆ ಕೈಗೆ ಆ ಕೆಲಸ ಮರೆತೇಹೋಗುತ್ತದೆ. ಬಾಗಿಲಿಗೆ ಬಂದೊಡನೆ ಇವರ ಕಾಲು ನೆಲಕ್ಕೆ ಅಂಟಿದಂತಾಗುವುದುಂಟು. ಆಗ ಹಿಂದಿನಿಂದ ನೂಕಿದರೆ ಬೀಳುತ್ತಾರೆ. ನೆಲದ ಮೇಲೆ ಅಡ್ಡಲಾಗಿ ನಾಲ್ಕು ಸುಣ್ಣದ ಗೆರೆ ಎಳೆದು, ಒಂದೊಂದನ್ನು ದಾಟಿರಿ ಎಂದರೆ, ಅಥವಾ ಒಂದು ಎರಡು ಎಂದು ತಾಳ ಹಾಕಿದರೆ, ಅದೇ ಕಾಲು ಏಳುತ್ತದೆ. ನಿತ್ಯ ಅಂಗಳದಲ್ಲಿ ರಂಗೋಲಿಯ ಗೆರೆ ಎಳೆಯುವ ಮನೆಗಳಲ್ಲಿ ಈ ಗೆರೆಗೆ ಏನು ಕೊರತೆ? ಆದರೆ ನಡೆಯುವುದೇ ಬೇಡವೆಂದು ಮೂಲೆಯ ಮಂಚವೇ ಗತಿಯಾಗುತ್ತದೆ. ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆ ಇಡೀ ಮನೆ ಹೊರಡುವಾಗ ಒಬ್ಬರು ಮಾತ್ರ ಉಳಿಯುತ್ತಾರೆ. ಮದುವೆಯ ಚಪ್ಪರದಲ್ಲಿ ಅಕ್ಷತೆ ಚೆಲ್ಲೀತೆಂಬ ನಾಚಿಕೆ! ಅಕ್ಷತೆ ಇರುವುದೇ ಚೆಲ್ಲುವುದಕ್ಕೆ.

ಇವರ ಸೇವೆಯ ಭಾರವೆಲ್ಲ ಯಾರ ಮೇಲೆ? ಪ್ರಾಯಶಃ ಒಬ್ಬಳೇ ಹೆಂಗಸಿನ ಮೇಲೆ. ರಾತ್ರಿ ಮಗ್ಗುಲು ಬದಲಾಯಿಸಲಾರದ ಗಂಡನನ್ನು ಮೂರು ಸಲ ಎದ್ದು ತಿರುಗಿಸಿ, ಬೆಳಗ್ಗೆ ಒಲೆಯ ಮುಂದೆ ನಿಲ್ಲುವ ಮುದುಕಿಯನ್ನು “ಪತಿವ್ರತೆ” ಎಂದು ಹೊಗಳುವುದು ಸುಲಭ. ವಾರದಲ್ಲಿ ಎರಡು ರಾತ್ರಿ ಮಗನು ಆ ಕೋಣೆಯಲ್ಲಿ ಮಲಗುವುದು ಕಷ್ಟ. ಆದುದರಿಂದ ಹೊಗಳಿಕೆಯೇ ನಡೆಯುತ್ತದೆ.

ಸಿರುಗುಪ್ಪದ ಗದ್ದೆಗಳ ವಿಷಯವನ್ನು ಬಿಡುವಂತಿಲ್ಲ. ತುಂಗಭದ್ರೆಯ ನೀರಿನಿಂದ ಭತ್ತ ಬೆಳೆಯುವ ಆ ಭಾಗದಲ್ಲಿ ಕೀಟಕ್ಕೂ ಕಳೆಗೂ ವಿಷ ಸಿಂಪಡಿಸುವುದು ನಿತ್ಯದ ಕೆಲಸ. ಇಂಥ ವಿಷಗಳಲ್ಲಿ ಕೆಲವಕ್ಕೂ ಈ ರೋಗಕ್ಕೂ ಸಂಬಂಧವನ್ನು ಅನೇಕ ಸಂಶೋಧನೆಗಳು ತೋರಿಸಿವೆ. ಫ್ರಾನ್ಸ್ ದೇಶವು 2012ರಲ್ಲಿ ಇದನ್ನು ರೈತರ ವೃತ್ತಿಜನ್ಯ ರೋಗವೆಂದು ಅಂಗೀಕರಿಸಿತು. ಬೆನ್ನಿಗೆ ಡಬ್ಬಿ ಕಟ್ಟಿಕೊಂಡು, ಮೂಗಿಗೆ ಬಟ್ಟೆಯೂ ಇಲ್ಲದೆ ಮೂವತ್ತು ವರ್ಷ ಸಿಂಪಡಿಸಿದ ಕೂಲಿಯವನ ಕೈ ನಡುಗಿದರೆ, ಅದನ್ನು ಮುಪ್ಪೆಂದು ತೀರ್ಮಾನಿಸುವುದರಿಂದ ಯಾರಿಗೆ ಅನುಕೂಲವಾಗುತ್ತದೆಂಬುದನ್ನು ವಾಚಕರೇ ಯೋಚಿಸಬಹುದು.

“ಎಲ್ಲೋ ಒಬ್ಬಿಬ್ಬರ ರೋಗಕ್ಕೆ ಇಷ್ಟು ಗದ್ದಲವೇಕೆ?” ಎಂಬುದು ಕೊನೆಯ ಆಕ್ಷೇಪ. ಬೆಂಗಳೂರು ಜಿಲ್ಲೆಯಲ್ಲಿ ನಡೆದು 2004ರಲ್ಲಿ ಪ್ರಕಟವಾದ ಗಣನೆಯಲ್ಲಿ ಲಕ್ಷಕ್ಕೆ 33 ಮಂದಿ ಕಂಡುಬಂದರು. ಅದೇ ಲೆಕ್ಕ ಹಿಡಿದರೂ, 2011ರಲ್ಲಿಯೇ ನಾಲ್ಕು ಲಕ್ಷ ದಾಟಿದ ಬಳ್ಳಾರಿ ನಗರವೊಂದರಲ್ಲಿ ನೂರಮೂವತ್ತಕ್ಕೆ ಕಡಿಮೆಯಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯು ಪಾರ್ಕಿನ್ಸನ್ ರೋಗವನ್ನು ಹೆಸರಿಟ್ಟು ಸೇರಿಸಿಕೊಂಡಿದೆ. ಪ್ರಮಾಣಪತ್ರ ಕೇಳಬೇಕಾದರೆ ಮೊದಲು ರೋಗದ ಹೆಸರನ್ನು ಹೇಳಬೇಕು. ಮುಪ್ಪಿಗೆ ಯಾರೂ ಪ್ರಮಾಣಪತ್ರ ಕೊಡುವುದಿಲ್ಲ. ಕುರುಗೋಡು, ಸಿರುಗುಪ್ಪಗಳಿಂದ ನಡುಗುವ ಮುದುಕರನ್ನು ಬಸ್ಸಿನಲ್ಲಿ ಕೂರಿಸಿ ಬಳ್ಳಾರಿಗೆ ಕರೆತರುವುದಕ್ಕಿಂತ, ತಿಂಗಳಿಗೊಂದು ದಿನ ನರರೋಗವೈದ್ಯನೂ ಅಂಗಸಾಧನೆ ಕಲಿಸುವವನೂ ತಾಲ್ಲೂಕು ಆಸ್ಪತ್ರೆಗಳಿಗೆ ಹೋಗುವುದು ಸುಲಭವೆಂದು ಅಧಿಕಾರಿಗಳಿಗೆ ಮನಗಾಣಿಸತಕ್ಕವರು ವಿದ್ಯಾವಂತರೇ.

ಸಾಹಿತ್ಯ ಸಂಘಗಳೂ ಸುಮ್ಮನಿರಬೇಕಾಗಿಲ್ಲ. ಈ ರೋಗದಲ್ಲಿ ಕುಗ್ಗಿದ ಧ್ವನಿಗೆ ಗಟ್ಟಿಯಾಗಿ ಓದುವ ಅಭ್ಯಾಸವೇ ಚಿಕಿತ್ಸೆಯ ಮುಖ್ಯಾಂಗ. ಮಧ್ಯಾಹ್ನದಲ್ಲಿ ಬೀಗ ಬಿದ್ದಿರುವ ಸಭಾಗೃಹಗಳನ್ನು ವಾರಕ್ಕೊಮ್ಮೆ ತೆರೆದು, ಇವರ ಕೈಗೆ ಕುಮಾರವ್ಯಾಸನ ಭಾರತವನ್ನು ಕೊಟ್ಟು, ಹಿಂದಿನ ಸಾಲಿನವರಿಗೆ ಕೇಳಿಸುವಂತೆ ಓದಿಸಲಿ. ತೋಳಿರುವ ಕುರ್ಚಿಗಳು ಬೇಕು. ವಾಚನವನ್ನು ಎಷ್ಟು ಗಂಟೆಗೆ ಆರಂಭಿಸಬೇಕೆಂಬುದನ್ನು ಓದುವವರ ಮಾತ್ರೆಯ ಹೊತ್ತನ್ನು ವಿಚಾರಿಸಿಕೊಂಡು ಗೊತ್ತುಮಾಡತಕ್ಕದ್ದು.