ಕೈಚೀಲದಲ್ಲೊಂದು ಪುಟ್ಟ ಮಡಚು ಚಾಕು



ನಿಮ್ಮ ಕೈಚೀಲ ಒಮ್ಮೆ ಬಿಚ್ಚಿ ನೋಡಿ. ಬಾಚಣಿಗೆ ಇರುತ್ತೆ, ಪಿನ್ನು ಇರುತ್ತೆ, ತಲೆನೋವಿನ ಮಾತ್ರೆ, ಬೀಗದ ಕೈ, ಮೊಬೈಲು, ಮಡಿಸಿಟ್ಟ ಬಟ್ಟೆ ಚೀಲ ಎಲ್ಲಾ ಇರುತ್ತೆ. ಚಾಕು ಇದೆಯೇ? "ಅಯ್ಯೋ, ಚಾಕು ಯಾಕ್ರೀ? ನಾವೇನು ರೌಡಿಗಳೇ?" ಅಂತೀರಿ. ಮೂರು ವರ್ಷದ ಹಿಂದೆ ನಾನೂ ಹಾಗೇ ಅನ್ನುತ್ತಿದ್ದೆ.

ಅವತ್ತು ಮೈಸೂರಿನಲ್ಲಿ ನಾದಿನಿ ಮಗಳ ಸೀಮಂತ. ರೇಷ್ಮೆ ಸೀರೆ ಉಟ್ಟು ನಮ್ಮ ಮನೆಯವರ ಬೈಕಿನ ಹಿಂದೆ ಕೂತಿದ್ದೆ. ಗಾಳಿಗೆ ಹಾರುತ್ತೆ ಅಂತ ಸೆರಗನ್ನು ಕುತ್ತಿಗೆಗೆ ಒಂದು ಸುತ್ತು ಹೊದ್ದುಕೊಂಡಿದ್ದೆ. ಹಿಂದಿನ ಚಕ್ರಕ್ಕೆ ಸೀರೆ ಸಿಗದಂತೆ ಒಂದು ಜಾಲರಿ ಇರುತ್ತದಲ್ಲ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅಂಥ ರಕ್ಷಣೆ ಇರಲೇಬೇಕು. ನಮ್ಮ ಮಗರಾಯ "ಚೆನ್ನಾಗಿ ಕಾಣಲ್ಲ" ಅಂತ ಅದನ್ನು ಬಿಚ್ಚಿಸಿಬಿಟ್ಟಿದ್ದ. ನಾನೂ ನೋಡಿ ಸುಮ್ಮನಿದ್ದೆ. ತಪ್ಪು ನಮ್ಮದೇ.

ಸೆರಗಿನ ತುದಿ ಯಾವಾಗ ಜಾರಿತೋ ತಿಳಿಯದು. ಸರಕ್ಕನೆ ಚಕ್ರಕ್ಕೆ ಸುತ್ತಿಕೊಂಡು ನನ್ನನ್ನು ಹಿಂದಕ್ಕೆ ಎಳೆಯಿತು. ಇವರು ತಕ್ಷಣ ಬ್ರೇಕು ಹಾಕಿದರು. ಬೈಕು ನಿಂತಿತು, ಆದರೆ ಕುತ್ತಿಗೆಗೆ ಬಿಗಿದದ್ದು ಬಿಡಲಿಲ್ಲ. ಕೂಗೋಣವೆಂದರೆ ದನಿ ಹೊರಡದು. ಹತ್ತು ಜನ ಸೇರಿದರು. ಒಬ್ಬರು ಚಕ್ರ ಹಿಂದಕ್ಕೆ ತಿರುಗಿಸಿ ಅಂದರು, ಇನ್ನೊಬ್ಬರು ಕತ್ತರಿ ತನ್ನಿ ಅಂದರು. ಅಷ್ಟೂ ಜನರಲ್ಲಿ ಒಬ್ಬರ ಜೇಬಿನಲ್ಲೂ ಒಂದು ಚಾಕು ಇರಲಿಲ್ಲ.

ಆಗ ಫುಟ್‌ಪಾತಿನಲ್ಲಿ ಹೂ ಮಾರುತ್ತಿದ್ದ ಹೆಂಗಸು ಎದ್ದು ಬಂದಳು. ಸೊಂಟದ ಚೀಲದಿಂದ ಬೆರಳುದ್ದದ ಮಡಚು ಚಾಕು ತೆಗೆದಳು, ಬಾಳೆನಾರು ಕತ್ತರಿಸುವಂಥದ್ದು. ಬಟ್ಟೆಯ ಕೆಳಗೆ ಎರಡು ಬೆರಳು ತೂರಿಸಿ, ಚಾಕಿನ ಬೆನ್ನು ನನ್ನ ಕಡೆ, ಬಾಯಿ ಹೊರಗಡೆ ಮಾಡಿ, "ಸೀರೆ ಹೋದ್ರೆ ಹೋಗ್ಲಿ ಕಣವ್ವ" ಅಂತ ಸರ್ರನೆ ಕೊಯ್ದಳು. ಮೊದಲ ಉಸಿರು ಒಳಗೆ ಹೋದಾಗ ಅವಳ ಬುಟ್ಟಿಯ ಮಲ್ಲಿಗೆ ವಾಸನೆ ಬಂತು. ಈಗಲೂ ಮಲ್ಲಿಗೆ ಮೂಸಿದರೆ ಅದೇ ನೆನಪು.

ಆ ವಾರವೇ ನಾನೊಂದು ಚಾಕು ಕೊಳ್ಳಲು ಹೊರಟೆ. ಇವರು "ಯಾರ ಮೇಲೆ ಯುದ್ಧ?" ಅಂತ ನಕ್ಕರು. ನಮ್ಮ ತಂದೆಯ ಎಲೆ ಅಡಿಕೆ ಸಂಚಿಯಲ್ಲಿ ಸದಾ ಒಂದು ಮಡಚು ಚಾಕು ಇರುತ್ತಿತ್ತು, ಆಗ ಯಾರೂ ನಗಲಿಲ್ಲ. ಹೆಂಗಸು ಹಿಡಿದರೆ ಮಾತ್ರ ನಗು. ಅಡುಗೆಮನೆಯಲ್ಲಿ ದಿನವಿಡೀ ಈಳಿಗೆಮಣೆ, ಚಾಕು ಹಿಡಿಯುವವರು ನಾವೇ ಅಲ್ಲವೇ?

ಕೊಳ್ಳುವಾಗ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಮೊದಲ ಸಲ ಹೊಳಪು ನೋಡಿ ಮರುಳಾಗಿ, ಕತ್ತರಿ, ತಿರುಪುಳಿ, ಮುಚ್ಚಳ ತೆಗೆಯುವುದು ಎಲ್ಲಾ ಇದ್ದ ದಪ್ಪನೆಯದೊಂದು ತಂದೆ. ತಿಂಗಳೊಳಗೆ ಕೀಲು ಸಡಿಲವಾಯಿತು. ಆಮೇಲೆ ಊರ ಜಾತ್ರೆಯಲ್ಲಿ ಕಬ್ಬಿಣದ ಸಾಮಾನಿನವನ ಹತ್ತಿರ ಒಂದೇ ಅಲಗಿನ, ಮರದ ಹಿಡಿಯ ಸಾದಾ ಚಾಕು ಇನ್ನೂರು ರೂಪಾಯಿಯೊಳಗೆ ಸಿಕ್ಕಿತು. ಇವತ್ತಿಗೂ ಅದೇ ನನ್ನ ಕೈಚೀಲದಲ್ಲಿದೆ.

ಅಲಗು ಎರಡೂವರೆಯಿಂದ ಮೂರು ಅಂಗುಲ ಇದ್ದರೆ ಸಾಕು. ಸೇಬು, ಸೌತೆಕಾಯಿ, ಹುರಿ, ಔಷಧಿ ಡಬ್ಬಿಯ ಟೇಪು ಎಲ್ಲಕ್ಕೂ ಆಗುತ್ತೆ. ಬಿಚ್ಚುವಾಗ ಬೆನ್ನಿನ ಸ್ಪ್ರಿಂಗು ಬಿಗಿಯಾಗಿದ್ದು ಕೊನೆಗೆ ಟಕ್ ಎಂದು ನಿಲ್ಲಬೇಕು. ಪೂರ್ತಿ ಬಿಚ್ಚಿ ಅಲಗನ್ನು ಎಡಕ್ಕೆ ಬಲಕ್ಕೆ ಅಲುಗಾಡಿಸಿ ನೋಡಿ; ಗಡಗಡ ಎಂದರೆ ಬೇಡ. ಹಾಗೆಂದು ಉಗುರು ಮುರಿಯುವಷ್ಟು ಬಿಗಿಯೂ ಬೇಡ. ಮಡಚಿದ ಮೇಲೆ ಅದರ ಸುತ್ತ ಕರವಸ್ತ್ರ ಎಳೆಯಿರಿ. ನೂಲು ಸಿಕ್ಕಿಕೊಂಡರೆ ಮೊನೆಯೋ ರಿವಿಟ್ಟೋ ಹೊರಚಾಚಿದೆ ಎಂದರ್ಥ. ನಾಳೆ ನಿಮ್ಮ ಬೆರಳೂ ಸಿಕ್ಕೀತು.

ಹೋಗುವಾಗ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರುವ ಅಯಸ್ಕಾಂತ ಒಂದನ್ನು ಒಯ್ಯಿರಿ. ಅಲಗಿಗೆ ಅದು ಅಂಟಬೇಕು. ನಮ್ಮ ತಟ್ಟೆ ಲೋಟಗಳ ಸ್ಟೀಲು ಬಹುಪಾಲು ಅಂಟುವುದಿಲ್ಲ. ಅದಕ್ಕೆ ತುಕ್ಕು ಬಾರದು ನಿಜ, ಆದರೆ ಕಾಯಿಸಿ ಹದ ಕೊಟ್ಟು ಗಟ್ಟಿಮಾಡಲೂ ಬಾರದು, ಹರಿತ ನಿಲ್ಲದು. ಅಂಟಿದ ಮಾತ್ರಕ್ಕೆ ಒಳ್ಳೆಯದೆಂದಲ್ಲ, ಅಂಟದಿದ್ದರೆ ಮಾತ್ರ ಖಂಡಿತ ಬಿಡಿ.

ಅಲಗಿನಲ್ಲಿ ಎರಡು ಜಾತಿ. ಹಳೇ ಕಾಲದ ಸಾದಾ ಉಕ್ಕು ಬೇಗ ಹರಿತವಾಗುತ್ತೆ, ಆದರೆ ಒದ್ದೆ ಉಳಿದರೆ ತುಕ್ಕು. ನಿಂಬೆ, ಮಾವಿನಕಾಯಿ ಹೆಚ್ಚಿದರೆ ಹುಳಿಗೆ ಕಪ್ಪಾಗುತ್ತೆ, ಹಣ್ಣಿಗೂ ಕಬ್ಬಿಣದ ರುಚಿ ಹತ್ತುತ್ತೆ. ಕ್ರೋಮಿಯಂ ಬೆರೆಸಿದ ಸ್ಟೇನ್‌ಲೆಸ್‌ಗೆ ಆ ಕಾಟ ಕಡಿಮೆ. ಕೆಲಸವಾದ ಕೂಡಲೇ ಒರೆಸಿಡುವ ಶಿಸ್ತು ಇದ್ದವರು ಮೊದಲನೆಯದು ಕೊಳ್ಳಿ, ನನ್ನಂಥ ಮರೆಗುಳಿಗಳಿಗೆ ಎರಡನೆಯದೇ ಸರಿ.

ಹಿಡಿ ಮರದ್ದೋ ಹಿತ್ತಾಳೆಯದೋ ಎಮ್ಮೆ ಕೊಂಬಿನದೋ ನಿಮ್ಮಿಷ್ಟ. ಮರದ್ದಾದರೆ ನೀರಲ್ಲಿ ನೆನೆಹಾಕಬೇಡಿ, ಊದಿಕೊಂಡು ಅಲಗು ಬಿಚ್ಚಲಾಗದು. ಯಾರಾದರೂ "ಜಿಂಕೆ ಕೊಂಬಿನ ಹಿಡಿ" ಎಂದು ಪಿಸುಗುಟ್ಟಿದರೆ ಅಲ್ಲಿಂದ ಎದ್ದು ಬನ್ನಿ. 1972ರ ವನ್ಯಜೀವಿ ಕಾಯಿದೆಯಡಿ ಆ ವ್ಯಾಪಾರ ಅಪರಾಧ.

ಅಕ್ಕನ ಮಗ ಫ್ರಾನ್ಸಿನಿಂದ ಬಂದಾಗ ಒಪಿನೆಲ್ ಅನ್ನುವ ಚಾಕು ತೋರಿಸಿದ. ಸವಾಯ್ ಎಂಬ ಬೆಟ್ಟದ ಸೀಮೆಯಲ್ಲಿ 1890ರಲ್ಲಿ ಶುರುವಾದದ್ದಂತೆ. ಅಲ್ಲಿನ ರೈತರು ಜೇಬಿನಲ್ಲಿಟ್ಟು ಬ್ರೆಡ್ಡು, ಗಿಣ್ಣು ಕೊಯ್ಯುವ ಅಗ್ಗದ ಚಾಕು. ಮರದ ಹಿಡಿ, ಒಂದೇ ಅಲಗು. 1955ರಿಂದ ಕೊರಳಿಗೆ ಒಂದು ಉಂಗುರ ಸೇರಿದೆ. ಅದನ್ನು ತಿರುಗಿಸಿದರೆ ಅಲಗು ಮಡಚಿಕೊಳ್ಳದು. ನಮ್ಮ ಜಾತ್ರೆ ಚಾಕಿಗೆ ಆ ಉಂಗುರವಿಲ್ಲ. ಆದ್ದರಿಂದ ಇದರ ಮೊನೆಯಿಂದ ತೆಂಗಿನಕಾಯಿ ಕಣ್ಣು ಚುಚ್ಚುವುದು, ಡಬ್ಬಿ ಮೀಟುವುದು ಮಾಡಬಾರದು. ಪಟ್ಟನೆ ಬೆರಳ ಮೇಲೆ ಮಡಚಿಕೊಳ್ಳುತ್ತೆ. ಕೊಯ್ಯುವುದಕ್ಕೆ ಮಾತ್ರ ಬಳಸಿ.

ಮೊಂಡಾದರೆ ಸಾಣೆಯವನನ್ನು ಕಾಯಬೇಕಿಲ್ಲ. ಪಿಂಗಾಣಿ ಕಪ್ಪು ಮಗುಚಿ ಹಾಕಿ. ಬುಡದಲ್ಲಿ ಹೊಳಪಿಲ್ಲದ ಒರಟು ಬಳೆ ಇರುತ್ತದಲ್ಲ, ಅದರ ಮೇಲೆ ಅಲಗು ಮಲಗಿಸಿ, ಬೆನ್ನನ್ನು ಮೂರು ನಾಣ್ಯ ಜೋಡಿಸಿದಷ್ಟು ಎತ್ತಿ, ಎರಡೂ ಮಗ್ಗುಲು ಹತ್ತು ಹತ್ತು ಸಲ ಹಗುರವಾಗಿ ಎಳೆಯಿರಿ. ಟೊಮೇಟೊ ಸಿಪ್ಪೆಯನ್ನು ಒತ್ತದೆ ಕೊಯ್ದರೆ ಹರಿತ ಬಂದಂತೆ. ಕೀಲಿಗೆ ಹೊಲಿಗೆ ಮೆಷಿನ್ನಿನ ಎಣ್ಣೆ ಒಂದೇ ತೊಟ್ಟು ಬಿಟ್ಟು ಚೆನ್ನಾಗಿ ಒರೆಸಿ.

ಕಾನೂನಿನ ಭಯ ಬೇಡ, ಎಚ್ಚರ ಇರಲಿ. ಮನೆಗೆಲಸಕ್ಕೋ ಬೇಸಾಯಕ್ಕೋ ಮಾಡಿದ್ದಲ್ಲದೆ, ಅಲಗು 9 ಅಂಗುಲಕ್ಕಿಂತ ಉದ್ದ ಇಲ್ಲವೇ 2 ಅಂಗುಲಕ್ಕಿಂತ ಅಗಲ ಇದ್ದರೆ ಅದು ನಿಯಮದ ಲೆಕ್ಕದಲ್ಲಿ ಆಯುಧ. ನಮ್ಮದು ಅದರ ಹತ್ತಿರಕ್ಕೂ ಬಾರದು. ಸಿನೆಮಾದ ಖಳನಾಯಕನ ರಾಮ್‌ಪುರಿಯ ಹಾಗೆ ಗುಂಡಿ ಒತ್ತಿದರೆ ಹಾರುವಂಥದ್ದರ ಆಸೆ ಬಿಡಿ. ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯುವಂತಿಲ್ಲ, ಲಗೇಜಿಗೆ ಹಾಕಿ. ತಪಾಸಣೆ ಇರುವ ಕಡೆ ಹೋಗುವ ದಿನ ಮನೆಯಲ್ಲೇ ಬಿಡಿ.

ಇನ್ನೊಂದು ಮಾತು. ಇದು ಪುಂಡರನ್ನು ಹೆದರಿಸಲು ಅಂತ ಯಾರೂ ಇಟ್ಟುಕೊಳ್ಳಬೇಡಿ. ಅಭ್ಯಾಸವಿಲ್ಲದ ಕೈಯಿಂದ ಚಾಕು ಕಿತ್ತುಕೊಳ್ಳುವುದು ಸುಲಭ. ಅಂಥ ಹೊತ್ತಿನಲ್ಲಿ ಕೂಗಿ, ಓಡಿ, 112ಕ್ಕೆ ಕರೆ ಮಾಡಿ.

ಈ ಸಲ ಮಗಳು ಹಾಸ್ಟೆಲಿಗೆ ಹೊರಟಾಗ ಅವಳಿಗೂ ಒಂದು ತಂದೆ. ಹರಿತದ ವಸ್ತು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತೆ ಅಂತ ನಮ್ಮತ್ತೆ ಹೇಳುತ್ತಿದ್ದರು. ಅದಕ್ಕೇ ಉಪ್ಪಿನಕಾಯಿ ಜಾಡಿಯ ಪಕ್ಕ ಮೇಜಿನ ಮೇಲಿಟ್ಟೆ. "ಏನಮ್ಮಾ ಇದು?" ಅಂದಳು. "ಸೇಬು ಹೆಚ್ಚಿಕೊಳ್ಳೋಕೆ" ಅಂದೆ. ಅವಳು ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡಳು.

ಬೈಕಿಗೆ ಜಾಲರಿಯನ್ನೂ ಮತ್ತೆ ಹಾಕಿಸಿದ್ದೇವೆ. ನಿಮ್ಮ ಮನೆಯ ಬೈಕಿಗೆ ಇದೆಯೇ? ಇವತ್ತೇ ಎದ್ದು ಒಮ್ಮೆ ನೋಡಿಬಿಡಿ.