ಅದು ನಿಮ್ಮ ಗುಲ್ಮಾರ್ಗ್ ಅಲ್ಲ, ನಮ್ಮ ಊರಿನ ದೂಳು

ಭಾನುವಾರ ಬಂತೆಂದರೆ ಉರಿಗಾಂ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ ಕಡೆಯ ಸೈನೈಡ್ ಗುಡ್ಡಗಳ ಮೇಲೆ ಬೈಕು, ಜೀಪುಗಳದ್ದೇ ಸದ್ದು. ಬೆಂಗಳೂರಿನಿಂದ ಬೆಳಗ್ಗೆಯೇ ಹೊರಟು ಬರುವ ಗೆಳೆಯರ ಗುಂಪುಗಳು. ದುಬಾರಿ ಹೆಲ್ಮೆಟ್ಟು, ಮೊಣಕಾಲಿಗೆ ಕವಚ, ಹೆಲ್ಮೆಟ್ಟಿನ ಮೇಲೊಂದು ಪುಟ್ಟ ಕ್ಯಾಮೆರಾ. ಗುಡ್ಡದ ನೆತ್ತಿಗೆ ಏರಿಸುವುದು, ಅಲ್ಲಿಂದ ಜಾರಿಸಿಕೊಂಡು ಇಳಿಸುವುದು, ಮತ್ತೆ ಏರಿಸುವುದು. ಸಂಜೆ ಹೊತ್ತಿಗೆ ಅದು ಮೊಬೈಲ್ ವಿಡಿಯೊ ಆಗಿ ನಮ್ಮ ಕೈಗೇ ಬರುತ್ತದೆ. ಹಿಮದ ಮೇಲೆ ಸ್ಕೀಯಿಂಗ್ ಮಾಡಿದಂತಿತ್ತು, ನೂರು ಕಿಲೋಮೀಟರಿನಲ್ಲಿ ಸಿಗುವ ಗುಲ್ಮಾರ್ಗ್ ಇದು, ಪಳಗಿದವರಿಗೆ ಮಾತ್ರ ಎಂಬ ಧಾಟಿಯ ಒಕ್ಕಣೆ ಬೇರೆ.

ಈ ಹೋಲಿಕೆಯನ್ನೇ ಹಿಡಿದು ಮಾತಾಡೋಣ. ಗುಲ್ಮಾರ್ಗ್‌ನಲ್ಲಿ ಜನ ಜಾರುವುದು ಹಿಮದ ಮೇಲೆ. ಬೇಸಿಗೆಗೆ ಅದು ಕರಗಿ ನೀರಾಗುತ್ತದೆ, ಹೊಸ ಚಳಿಗಾಲಕ್ಕೆ ಹೊಸ ಹಿಮ ಬೀಳುತ್ತದೆ. ಅಫರ್ವತ್ ಬೆಟ್ಟದವರೆಗೆ ಹೋಗುವ ಕೇಬಲ್ ಕಾರ್ ಇದೆ, ಹಿಮಕುಸಿತದ ಮುನ್ನೆಚ್ಚರಿಕೆ ಕೊಡುವವರಿದ್ದಾರೆ, ಅಪಾಯದ ದಿನ ಇಳಿಜಾರು ಮುಚ್ಚುತ್ತಾರೆ. ಇಷ್ಟಿದ್ದೂ 2024ರ ಫೆಬ್ರುವರಿಯಲ್ಲಿ ಅಲ್ಲಿ ಹಿಮಕುಸಿತಕ್ಕೆ ಸಿಕ್ಕಿ ವಿದೇಶಿ ಸ್ಕೀ ಪಟುವೊಬ್ಬರು ಸತ್ತರು. ಅಂದರೆ ಆ ಆಟದಲ್ಲಿ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದು ಆಡುವವರೇ. ನಮ್ಮ ಗುಡ್ಡದಲ್ಲಿ ಲೆಕ್ಕ ತಿರುಗುಮುರುಗು. ಪಳಗಿದ ಸವಾರ ಒಂದು ಗೀರೂ ಆಗದೆ ಮನೆಗೆ ಹೋಗುತ್ತಾನೆ. ಅವನು ಎಬ್ಬಿಸಿದ್ದನ್ನು ಉಸಿರಾಡುವವರು ಗುಡ್ಡದ ಬುಡದ ಲೈನ್ ಮನೆಗಳಲ್ಲಿ ಇದ್ದಾರೆ.

ಅವನು ಎಬ್ಬಿಸುವುದು ಏನನ್ನು? ಇವು ದೇವರು ಮಾಡಿದ ಗುಡ್ಡಗಳಲ್ಲ, ನಮ್ಮ ಅಜ್ಜಂದಿರು ಅಗೆದು ತೆಗೆದವು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಬಂತು. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಗಣಿಗೆ ಬೀಗ ಹಾಕಿತು. ಈ 120 ವರ್ಷಗಳಲ್ಲಿ ಹೊರಬಂದ ಚಿನ್ನ 800 ಟನ್‌ಗೂ ಹೆಚ್ಚು. ಆ ಚಿನ್ನಕ್ಕಾಗಿ ಮೂರು ಕಿಲೋಮೀಟರಿಗೂ ಆಳದಿಂದ ಬಂಡೆ ಮೇಲೆ ತಂದರು, ಗಿರಣಿಯಲ್ಲಿ ಹಿಟ್ಟಿನ ಹಾಗೆ ಅರೆದರು, ಸೋಡಿಯಂ ಸೈನೈಡ್ ನೀರಿನಲ್ಲಿ ಕಲಸಿ ಚಿನ್ನ ಕರಗಿಸಿ ತೆಗೆದರು. ಉಳಿದ ಹಿಟ್ಟನ್ನು ಊರ ಪಕ್ಕದಲ್ಲೇ ಸುರಿದರು. ಅಂಥ 13 ದಿಬ್ಬಗಳಿವೆ, ಮೂರು ಕೋಟಿ ಟನ್‌ಗೂ ಮಿಕ್ಕಿದ ಹಿಟ್ಟು. ಚಿನ್ನ ಎಲ್ಲೆಲ್ಲಿಗೋ ಹೋಯಿತು. ಹಿಟ್ಟು ಮಾತ್ರ ನಮ್ಮ ಪಾಲಿಗೆ ಉಳಿಯಿತು.

ಇಲ್ಲಿ ಕೆಲವರು ನಮ್ಮನ್ನು ತಡೆದು ಕೇಳುತ್ತಾರೆ: ಸೈನೈಡ್ ಈಗ ಎಲ್ಲಿದೆ ಸ್ವಾಮಿ, ಬಿಸಿಲಿಗೆ ಗಾಳಿಗೆ ಎಂದೋ ಹೋಗಿದೆಯಲ್ಲ? ಸರಿಯಾದ ಪ್ರಶ್ನೆ. ಸೈನೈಡ್ ಬಿಸಿಲು ಗಾಳಿಗೆ ಒಡೆದು ಹೋಗುವ ರಾಸಾಯನಿಕವೇ. ಗುಡ್ಡದ ಹೆಸರಿಗೆ ಹೆದರಿ ಎಂದು ನಾವು ಯಾರಿಗೂ ಹೇಳುತ್ತಿಲ್ಲ. ಆದರೆ ಅರೆದ ಬಂಡೆಯ ಸಿಲಿಕಾ ಬಿಸಿಲಿಗೆ ಕರಗುವುದಿಲ್ಲ. ಅದಿರಿನ ಜೊತೆಗೆ ಬಂದ ಆರ್ಸೆನಿಕ್‌ನಂಥ ಧಾತುಗಳೂ ಬಿಸಿಲಿಗೆ ಮಾಯವಾಗುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಕಣ ಶ್ವಾಸಕೋಶದೊಳಗೆ ಕೂತರೆ ಹೊರಗೆ ಬರುವುದಿಲ್ಲ, ಅಲ್ಲೇ ಗಾಯ ಮಾಡಿ ಗಂಟು ಕಟ್ಟುತ್ತದೆ. ಅದರ ಹೆಸರು ಸಿಲಿಕೋಸಿಸ್. ವಾಸಿ ಮಾಡುವ ಔಷಧ ಇವತ್ತಿಗೂ ಇಲ್ಲ. ಭಾರತದಲ್ಲಿ ಈ ರೋಗ ಮೊದಲು ದಾಖಲಾದ ಜಾಗಗಳಲ್ಲಿ ಕೋಲಾರದ ಚಿನ್ನದ ಗಣಿಗೇ ಮೊದಲ ಸ್ಥಾನ, 1940ರ ದಶಕದಲ್ಲಿ. ಆಂಡರ್ಸನ್‌ಪೇಟೆಯಲ್ಲಿ, ಮಾರಿಕುಪ್ಪಂನಲ್ಲಿ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಕೆಮ್ಮುವ ತಾತಂದಿರನ್ನು ನೋಡಿ ಬೆಳೆದವರು ನಾವು. ಪುಸ್ತಕ ಓದಿ ಇದನ್ನು ತಿಳಿದುಕೊಳ್ಳಬೇಕಾದ ಅಗತ್ಯ ನಮಗಿಲ್ಲ.

ಮಳೆ ಬಿದ್ದು ಒಣಗಿದಾಗ ಈ ದಿಬ್ಬಗಳ ಮೇಲೆ ತೆಳುವಾದ ಹೊಪ್ಪಳೆಯೊಂದು ಕಟ್ಟಿಕೊಳ್ಳುತ್ತದೆ. ಅಲ್ಲಲ್ಲಿ ಹುಲ್ಲು, ಜಾಲಿ ಬೇರು ಬಿಡುತ್ತವೆ. ಗಾಳಿಗೂ ದೂಳಿಗೂ ನಡುವೆ ಇರುವ ತಡೆ ಇಷ್ಟೇ. ಒಂದು ಜೀಪಿನ ನಾಲ್ಕು ಚಕ್ರ ಅದನ್ನು ಒಂದು ಏರಿನಲ್ಲಿ ಸೀಳುತ್ತದೆ. ಸೀಳಿದ ಜಾಡಿನಲ್ಲಿ ಮುಂದಿನ ಮಳೆ ಕೊರಕಲು ಮಾಡುತ್ತದೆ, ಕೊರಕಲಿನಿಂದ ಹಿಟ್ಟು ಚರಂಡಿಗೆ, ಹೊಲಕ್ಕೆ ಇಳಿಯುತ್ತದೆ. ಆಷಾಢದ ಗಾಳಿ ಎದ್ದಾಗ ಅದೇ ಜಾಡಿನಿಂದ ಎದ್ದ ದೂಳು ಒಣಹಾಕಿದ ಬಟ್ಟೆ, ಮುಚ್ಚದ ನೀರಿನ ಬಿಂದಿಗೆ, ತಟ್ಟೆಯ ಅನ್ನ ಎಲ್ಲದರ ಮೇಲೂ ಕೂರುತ್ತದೆ. ಸವಾರರು ಅಷ್ಟು ಹೊತ್ತಿಗೆ ಮನೆ ಸೇರಿ ಸ್ನಾನ ಮಾಡಿರುತ್ತಾರೆ.

ಅವರ ಕಡೆಯ ವಾದಗಳನ್ನೂ ನೋಡೋಣ. ಮೊದಲನೆಯದು, ನಾವು ನುರಿತವರು, ಸುರಕ್ಷತೆಯ ಎಲ್ಲ ಕ್ರಮ ಇದೆ ಎಂಬುದು. ಒಪ್ಪಿದೆವು. ಆದರೆ ಮುಖಕ್ಕೆ ಮಾಸ್ಕು, ಕಣ್ಣಿಗೆ ಕನ್ನಡಕ ಯಾಕೆ ಹಾಕಿಕೊಳ್ಳುತ್ತೀರಿ? ಆ ದೂಳು ಮೈಗೆ ಒಗ್ಗದು ಎಂದು ಗೊತ್ತಿರುವುದರಿಂದಲೇ ಅಲ್ಲವೇ? ಬುಡದ ಬೀದಿಯಲ್ಲಿ ಗೋಲಿ ಆಡುವ ಮಗುವಿಗೆ ಮಾಸ್ಕಿಲ್ಲ. ನಿಮ್ಮ ನೈಪುಣ್ಯ ನಿಮ್ಮ ಬೈಕನ್ನು ಹತೋಟಿಯಲ್ಲಿ ಇಡಬಹುದು, ಗಾಳಿಯನ್ನಲ್ಲ.

ಎರಡನೆಯದು, ಸಿನಿಮಾದವರು ಶೂಟಿಂಗ್ ಮಾಡಲಿಲ್ಲವೇ ಎಂಬುದು. ಮಾಡಿದರು. ಅದೇ ಸಿನಿಮಾದ ಎರಡನೇ ಭಾಗದ ಚಿತ್ರೀಕರಣ ಸೈನೈಡ್ ಗುಡ್ಡದಲ್ಲಿ ನಡೆಯುತ್ತಿದ್ದಾಗ, ಪರಿಸರಕ್ಕೆ ಹಾನಿ ಎಂಬ ದೂರಿನ ಮೇಲೆ 2019ರ ಆಗಸ್ಟ್‌ನಲ್ಲಿ ಇಲ್ಲಿನ ನ್ಯಾಯಾಲಯ ಅದಕ್ಕೆ ತಡೆ ಕೊಟ್ಟಿತು ಎಂಬುದನ್ನು ಮಾತ್ರ ವಿಡಿಯೊ ಮಾಡುವವರು ಯಾರೂ ಹೇಳುವುದಿಲ್ಲ. ತೆರೆಯ ಮೇಲೆ ಕಂಡದ್ದೆಲ್ಲ ಆಟದ ಮೈದಾನ ಆಗುವುದಿಲ್ಲ.

ಮೂರನೆಯದು ವ್ಯಾಪಾರದ ಮಾತು. ಗಣಿ ಮುಚ್ಚಿದ ಊರಿಗೆ ಪ್ರವಾಸಿಗರು ಬಂದರೆ ನಾಲ್ಕು ಕಾಸು ಬರುತ್ತದಲ್ಲ? ಬರಲಿ ಎಂದೇ ನಮ್ಮ ಆಸೆಯೂ. ದಿನಾ ಬೆಳಗಿನ ಜಾವ ಮಾರಿಕುಪ್ಪಂ ರೈಲು ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೋಗುವ ಸಾವಿರಾರು ಜನರ ಊರು ಇದು. ಊರಲ್ಲೇ ಕೆಲಸ ಸಿಕ್ಕರೆ ನಮಗಿಂತ ಸಂತೋಷಪಡುವವರು ಯಾರು? ಆದರೆ ಗುಡ್ಡದ ಸವಾರಿಯಲ್ಲಿ ನಾವು ಕಂಡ ವ್ಯಾಪಾರ ಒಂದೆರಡು ಟೀ, ಒಂದಿಷ್ಟು ನೀರಿನ ಬಾಟಲಿ. ತಿಂಡಿ ಹೆದ್ದಾರಿಯ ಹೋಟೆಲಿನಲ್ಲಿ, ಪೆಟ್ರೋಲು ಬೆಂಗಳೂರಿನಲ್ಲಿ. ಖಾಲಿ ಬಾಟಲಿ ಮಾತ್ರ ಇಲ್ಲಿ. ಪ್ರವಾಸಿಗರಿಗೆ ತೋರಿಸಲು ನಮ್ಮಲ್ಲಿ ಬೇಕಾದಷ್ಟಿದೆ: 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದ ಚರಿತ್ರೆ, ಶಾಫ್ಟ್‌ಗಳ ಕಬ್ಬಿಣದ ಗೋಪುರಗಳು, ಹಳೆಯ ಬಂಗಲೆಗಳು, ಪಾತಾಳಕ್ಕೆ ಇಳಿದು ಬಂದವರ ಬಾಯಲ್ಲೇ ಕೇಳಬಹುದಾದ ಕಥೆಗಳು. ಇವನ್ನು ನೋಡಲು ಯಾರ ಎದೆಗೂ ದೂಳು ತುಂಬಬೇಕಿಲ್ಲ.

ನಾಲ್ಕನೆಯದು, ಹಾಗಾದರೆ ನಾವು ಎಲ್ಲಿ ಓಡಿಸಬೇಕು ಎಂಬ ಪ್ರಶ್ನೆ. ಉತ್ತರ ಇದೇ ಜಿಲ್ಲೆಯಲ್ಲಿದೆ. 2015ರಲ್ಲಿ ಡಾಕರ್ ರ‍್ಯಾಲಿಯಲ್ಲಿ ಓಡಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಕಟ್ಟಿದ ಬಿಗ್ ರಾಕ್ ಡರ್ಟ್ ಪಾರ್ಕ್ ಕೋಲಾರ ಜಿಲ್ಲೆಯದೇ. ಮಣ್ಣಿನಲ್ಲಿ ಬೈಕ್ ಓಡಿಸುವುದನ್ನು ಅಲ್ಲಿ ಕ್ರಮವಾಗಿ ಕಲಿಸುತ್ತಾರೆ. ನಿಜವಾದ ಪಟುವಿಗೆ ಟ್ರ್ಯಾಕು ಸಾಕು. ಟ್ರ್ಯಾಕು ಬಿಟ್ಟು ಬೇರೆಯವರ ಮನೆ ಬಾಗಿಲಿನ ಬೂದಿಗುಡ್ಡವೇ ಬೇಕು ಎನ್ನುವವರಿಗೆ ಬೇಕಿರುವುದು ಆಟವಲ್ಲ, ವಿಡಿಯೊ.

ಸವಾರರನ್ನು ಬೈದರೆ ನಮ್ಮ ಕೆಲಸ ಮುಗಿಯಲಿಲ್ಲ. ದಿಬ್ಬಗಳಿರುವುದು ಭಾರತ್ ಗೋಲ್ಡ್ ಮೈನ್ಸ್ ಜಾಗದಲ್ಲಿ, ಅದು ಕೇಂದ್ರ ಸರ್ಕಾರದ ಕಂಪನಿ. ಈ 13 ದಿಬ್ಬಗಳನ್ನು ಮತ್ತೆ ಜಾಲಿಸಿ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಸಾವಿರ ಎಕರೆಗೂ ಮಿಕ್ಕಿದ ಜಾಗದ ಹಿಟ್ಟು ಅಲುಗುವ ಮಾತು ಅದು. ಒಂದು ಭಾನುವಾರದ ಜೀಪಿನ ದೂಳನ್ನೇ ಪ್ರಶ್ನಿಸದ ಊರು, ನಾಳೆ ಜೆಸಿಬಿ ಸಾಲುಗಟ್ಟಿ ನಿಂತಾಗ ಏನನ್ನು ಕೇಳೀತು? ಆದ್ದರಿಂದಲೇ ಈಗಲೇ ಕೇಳುತ್ತಿದ್ದೇವೆ. ದಿಬ್ಬಗಳ ಮೇಲೆ ಖಾಸಗಿ ವಾಹನ ಹತ್ತದಂತೆ ಜಿಲ್ಲಾಡಳಿತ ಆದೇಶ ಹೊರಡಿಸಲಿ. ಕಂಪನಿ ದಾರಿಗಳಿಗೆ ಬೇಲಿ ಹಾಕಲಿ, ಕನ್ನಡ, ತಮಿಳು, ಇಂಗ್ಲಿಷಿನಲ್ಲಿ ಫಲಕ ನೆಡಲಿ. ಬುಡದ ಕಾಲೊನಿಗಳಲ್ಲಿ ಗಾಳಿಯ ದೂಳು ಅಳೆದು ಆ ಅಂಕಿಗಳನ್ನು ನಗರಸಭೆಯ ಗೋಡೆಗೆ ಅಂಟಿಸಲಿ. ಮರು ಗಣಿಗಾರಿಕೆ ನಡೆಯುವುದಾದರೆ ದೂಳು ತಡೆಯುವ ಷರತ್ತುಗಳನ್ನು ಊರಿನವರ ಎದುರು ಓದಿ ಹೇಳಲಿ.

ಗೆಳೆಯರೇ, ಬನ್ನಿ, ಊರು ನೋಡಿ, ನಮ್ಮೊಂದಿಗೆ ಟೀ ಕುಡಿಯಿರಿ. ಗಾಡಿಯನ್ನು ಮಾತ್ರ ಗುಡ್ಡದ ಕೆಳಗೆ, ರಸ್ತೆಯ ಮೇಲೇ ನಿಲ್ಲಿಸಿ.