ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆ: ಲೆನ್ಸಿನ ವಿವರ ಮತ್ತು ದರ ಕುರಿತು ಮನವಿ

ಇವರಿಂದ:
ಹಿರಿಯ ನಾಗರಿಕರು, ರಾಜರಾಜೇಶ್ವರಿನಗರ,
ಬೆಂಗಳೂರು–560098.

ಇವರಿಗೆ:
ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಖಾಸಗಿ ವೈದ್ಯಕೀಯ ಸಂಸ್ಥೆಗಳ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರ,
ಬೆಂಗಳೂರು ನಗರ ಜಿಲ್ಲೆ.

ವಿಷಯ: ಪೊರೆ ಶಸ್ತ್ರಚಿಕಿತ್ಸೆಯಲ್ಲಿ ಅಳವಡಿಸುವ ಕೃತಕ ಲೆನ್ಸಿನ ವಿವರ ಹಾಗೂ ಬೆಲೆಯನ್ನು ರೋಗಿಗೆ ಲಿಖಿತವಾಗಿ ಕೊಡಿಸುವ ಬಗ್ಗೆ.

ಮಾನ್ಯರೇ,

ಪೊರೆ ತೆಗೆಸಿಕೊಂಡ ನಮ್ಮಲ್ಲಿ ಹಲವರಿಗೆ ತಮ್ಮ ಕಣ್ಣಲ್ಲಿರುವ ಲೆನ್ಸ್ ಯಾವ ಕಂಪನಿಯದು, ಎಷ್ಟು ಪವರಿನದು ಎಂಬುದೇ ಗೊತ್ತಿಲ್ಲ. ಬಿಲ್ಲಿನಲ್ಲಿರುವುದು ‘ಪ್ಯಾಕೇಜ್’ ಎಂಬ ಒಂದೇ ಸಾಲು.

ನೇತ್ರತಜ್ಞ ಡಾ. ಎಂ. ಸಿ. ಮೋದಿಯವರ ಕಾಲದ ನೇತ್ರ ಶಿಬಿರಗಳಲ್ಲಿ ಪೊರೆ ತೆಗೆಸಿಕೊಂಡವರು ದಪ್ಪ ಗಾಜಿನ ಕನ್ನಡಕ ಹಾಕಿಕೊಳ್ಳುತ್ತಿದ್ದರು. ಅದು ಹೊಂದದಿದ್ದರೆ ಬದಲಿಸಬಹುದಿತ್ತು. ಇಂದು ಕಣ್ಣೊಳಗೇ ಕೂರಿಸುವ ಲೆನ್ಸನ್ನು ಬದಲಿಸಲು ಮತ್ತೊಂದು ಶಸ್ತ್ರಚಿಕಿತ್ಸೆಯೇ ಬೇಕು. ಆದ್ದರಿಂದ ಆಯ್ಕೆಗೆ ಮೊದಲೇ ಮಾಹಿತಿ ಸಿಗಬೇಕು.

ಕೇಂದ್ರ ಸರ್ಕಾರ 2005ರಲ್ಲೇ ಈ ಲೆನ್ಸನ್ನು ಔಷಧ ಕಾನೂನಿನ ವ್ಯಾಪ್ತಿಗೆ ತಂದಿದೆ. 2017ರಲ್ಲಿ ಹೃದಯದ ಸ್ಟೆಂಟ್‌ಗೂ ಕೃತಕ ಮಂಡಿಗೂ ಗರಿಷ್ಠ ಬೆಲೆ ನಿಗದಿಯಾಯಿತು. ಕಣ್ಣಿನ ಲೆನ್ಸಿಗೆ ಅಂದು ಆ ರಕ್ಷಣೆ ಸಿಗಲಿಲ್ಲ. ಆದರೂ ದರ ಪ್ರಕಟಿಸುವುದು ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಆಸ್ಪತ್ರೆಗಳ ಕರ್ತವ್ಯ. ಆದ್ದರಿಂದ ನಮ್ಮ ಬೇಡಿಕೆಗಳು:

1. ಲೆನ್ಸಿನ ಪೆಟ್ಟಿಗೆಯಲ್ಲಿ ಬರುವ ಸ್ಟಿಕ್ಕರನ್ನು ಡಿಸ್ಚಾರ್ಜ್ ಪತ್ರಕ್ಕೆ ಅಂಟಿಸಿ ಕೊಡಬೇಕು. ಕಂಪನಿ, ಮಾದರಿ, ಪವರ್, ಕ್ರಮಸಂಖ್ಯೆ ಅದರಲ್ಲಿರಬೇಕು. ಮುಂದೆ ಯಾವುದಾದರೂ ಮಾದರಿಯಲ್ಲಿ ದೋಷ ಕಂಡರೆ ಅದು ಯಾರ ಕಣ್ಣಲ್ಲಿದೆ ಎಂದು ಪತ್ತೆ ಹಚ್ಚಲು ಇದೇ ಆಧಾರ.

2. ಲೆನ್ಸಿನ ಬೆಲೆಯನ್ನು ಶಸ್ತ್ರಚಿಕಿತ್ಸೆಯ ಶುಲ್ಕದಿಂದ ಬೇರ್ಪಡಿಸಿ ಬಿಲ್ಲಿನಲ್ಲಿ ತೋರಿಸಬೇಕು. ಪ್ರತಿ ಬಗೆಯ ಲೆನ್ಸಿನ ದರವನ್ನು ಕನ್ನಡದ ಫಲಕದಲ್ಲಿ ಪ್ರಕಟಿಸಬೇಕು.

3. ಮಾನೋಫೋಕಲ್ (ಒಂದೇ ದೂರಕ್ಕೆ ಹೊಂದಿಸಿದ) ಲೆನ್ಸ್ ಹಾಕಿಸಿಕೊಂಡು ದೂರದ ನೋಟ ಸರಿಪಡಿಸಿಕೊಂಡವರಿಗೆ ಓದಲು ಸಾಮಾನ್ಯವಾಗಿ ಕನ್ನಡಕ ಬೇಕು. ಮಲ್ಟಿಫೋಕಲ್ (ಹಲವು ದೂರಗಳಿಗೆ ಹೊಂದಿಸಿದ) ಲೆನ್ಸಿನಲ್ಲಿ ರಾತ್ರಿ ದೀಪಗಳ ಸುತ್ತ ಬಳೆಯಂತೆ ಬೆಳಕು ಕಾಣಬಹುದು. ಟೋರಿಕ್ ಲೆನ್ಸ್ ಕಾರ್ನಿಯಾದ ವಕ್ರತೆ ಅಸಮವಾಗಿರುವವರಿಗೆ. ಲೆನ್ಸುಗಳ ಈ ವ್ಯತ್ಯಾಸಗಳನ್ನು ಕನ್ನಡದಲ್ಲಿ ಮುದ್ರಿಸಿ ಶಸ್ತ್ರಚಿಕಿತ್ಸೆಗೆ ಮುಂಚಿತವಾಗಿ, ಯೋಚಿಸಲು ಸಮಯವಿರುವಾಗಲೇ ಕೊಡಬೇಕು.

4. ಸರ್ಕಾರಿ ಯೋಜನೆಯ ಫಲಾನುಭವಿಗೆ ಉಚಿತವಾಗಿ ಸಿಗುವ ಲೆನ್ಸ್ ಯಾವುದೆಂದು ತಿಳಿಸಬೇಕು. ದುಬಾರಿ ಲೆನ್ಸಿಗೆ ಒತ್ತಾಯಿಸಬಾರದು.

5. ಲೆನ್ಸಿಗೂ ಗರಿಷ್ಠ ಬೆಲೆ ನಿಗದಿಪಡಿಸುವಂತೆ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರಕ್ಕೆ ರಾಜ್ಯ ಸರ್ಕಾರದ ಮೂಲಕ ಶಿಫಾರಸು ಕಳುಹಿಸಬೇಕು.

ಮೊದಲ ಮೂರು ಬೇಡಿಕೆಗಳಿಗೆ ಹೊಸ ಕಾನೂನಾಗಲಿ ಅನುದಾನವಾಗಲಿ ಬೇಡ. ತಮ್ಮ ಒಂದು ಸುತ್ತೋಲೆ ಸಾಕು. ಅದನ್ನು ಶೀಘ್ರ ಹೊರಡಿಸಿ, ಪಾಲಿಸದ ಸಂಸ್ಥೆಗಳ ಮೇಲೆ ಕ್ರಮ ಕೈಗೊಳ್ಳಬೇಕೆಂದು ವಿನಂತಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ರಾಜರಾಜೇಶ್ವರಿನಗರದ ಹಿರಿಯ ನಾಗರಿಕರು

ಪ್ರತಿ: ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಬೆಂಗಳೂರು ನಗರ ಜಿಲ್ಲೆ.